ಹದಿನಾಲ್ಕರಿಂದ ಹದಿನೆಂಟರವರೆಗೆ: ಗೆಳೆಯನಿಗೊಂದು ಪತ್ರ

ಚಳ್ಳಕೆರೆ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಈಗಿನ ಹುಡುಗ ಹುಡುಗಿಯರು ಮೊಬೈಲಿನಿಂದಲೇ ಹಾಳಾಗುತ್ತಿದ್ದಾರೆ, ಅದನ್ನು ಕಿತ್ತಿಟ್ಟರೆ ಅರ್ಧ ಸಮಸ್ಯೆ ತೀರುತ್ತದೆ ಎಂದು ಬರೆದಿದ್ದೀಯ. ದಾವಣಗೆರೆಯಲ್ಲಿ ಕೋಚಿಂಗ್ ಸೆಂಟರುಗಳ ನಡುವೆ ಮನೆ ಮಾಡಿಕೊಂಡಿರುವ ನಿನಗೆ ಹಾಗೆ ಅನಿಸುವುದು ಸಹಜ. ಆದರೆ ಪ್ರತಿ ಬೇಸಿಗೆಯಲ್ಲೂ ಪದವಿಪೂರ್ವ ಕಾಲೇಜಿನ ದಾಖಲಾತಿ ಮೇಜಿನ ಹಿಂದೆ ಕೂರುವ ನನ್ನ ಕಣ್ಣಿಗೆ ಬೀಳುವುದೇ ಬೇರೆ. ಹತ್ತನೇ ತರಗತಿ ಮುಗಿಸಿದ ನಮ್ಮ ಹಳ್ಳಿಗಳ ಮಕ್ಕಳಿಗೆ ಮುಂದೆ ಎಲ್ಲಿಗೆ ಹೋಗಬೇಕೆಂಬುದೇ ಗೊತ್ತಿರುವುದಿಲ್ಲ. ಅವರನ್ನು ಎಲ್ಲಿಗೆ ಕಳಿಸಬೇಕೆಂಬುದು ಮನೆಯ ಹಿರಿಯರಿಗೂ ಗೊತ್ತಿರುವುದಿಲ್ಲ. ಉಳಿದ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಕಾನೂನನ್ನೇ ತೆಗೆದುಕೋ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟಿರುವುದು 6ರಿಂದ 14 ವರ್ಷದ ಮಕ್ಕಳಿಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ, 14 ದಾಟಿದವರನ್ನು ಅಪಾಯಕಾರಿಯಲ್ಲದ ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಮದುವೆಗೆ ಹೆಣ್ಣಿಗೆ 18 ತುಂಬಿರಬೇಕು, ಗಂಡಿಗೆ 21. ಓದಿಸಲೇಬೇಕೆಂಬ ಕಟ್ಟುಪಾಡು 14ಕ್ಕೆ ಮುಗಿಯುತ್ತದೆ, ಮದುವೆ ಮಾಡಬಾರದೆಂಬ ಕಟ್ಟುಪಾಡು 18ರವರೆಗೆ ಇರುತ್ತದೆ. ನಡುವಿನ ನಾಲ್ಕು ವರ್ಷ ಮಗು ಏನು ಮಾಡುತ್ತಿರಬೇಕು ಎಂಬುದಕ್ಕೆ ಯಾರೂ ಹೊಣೆಗಾರರಲ್ಲ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಕಥೆ ನಿನಗೆ ನೆನಪಿರಬಹುದು. 2023ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆ ಶೇ 96.80 ಫಲಿತಾಂಶದೊಂದಿಗೆ ಇಡೀ ರಾಜ್ಯಕ್ಕೆ ಮೊದಲಾಗಿತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮಾಡಲಾಯಿತು; ರಾಜ್ಯದ ಫಲಿತಾಂಶ ಶೇ 83.89ರಿಂದ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಕುಸಿಯಿತು. ನಮ್ಮ ಜಿಲ್ಲೆ ಮೊದಲ ಸ್ಥಾನದಿಂದ ಬಹಳ ಕೆಳಗೆ ಜಾರಿತು. ಕ್ಯಾಮೆರಾ ಬಂದದ್ದು ತಪ್ಪೆಂದು ನಾನು ಹೇಳಲಾರೆ, ಬರಬೇಕಾದದ್ದೇ ಬಂತು. ಆದರೆ ಅಷ್ಟು ವರ್ಷ ಓದು ಬರಹ ಸರಿಯಾಗಿ ಬಾರದ ಮಕ್ಕಳನ್ನು ದೂಡಿಕೊಂಡು ಬಂದ ನಾವು, ಅಂದರೆ ಮೇಷ್ಟರುಗಳು, ಅಧಿಕಾರಿಗಳು, ಪೋಷಕರು, ಯಾರೂ ಅದರ ಬೆಲೆ ತೆರಲಿಲ್ಲ. ತೆತ್ತವರು ಹದಿನಾರು ವರ್ಷದವರು.

ಫೇಲಾದ ಹುಡುಗಿಯ ವಿಷಯದಲ್ಲಿ ಇನ್ನೊಂದು ಸಂಕಟವಿದೆ. ಫಲಿತಾಂಶ ಬರುವುದೂ ನಮ್ಮಲ್ಲಿ ಮದುವೆಯ ಹಂಗಾಮು ಬರುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಶೇಂಗಾ ಕೈಕೊಟ್ಟ ವರ್ಷವಂತೂ ಅಕ್ಕನ ಮದುವೆಗೆ ಹಾಕಿದ ಚಪ್ಪರದಲ್ಲಿಯೇ ತಂಗಿಯ ಧಾರೆಯನ್ನೂ ಮುಗಿಸಿಬಿಟ್ಟರೆ ಊಟ, ಓಲಗ, ಸಾಮಾನಿನ ಖರ್ಚು ಉಳಿಯಿತೆಂದು ಲೆಕ್ಕ ಹಾಕುವ ಮನೆಗಳು ಇಂದಿಗೂ ಇವೆ. ವರ ಹೆಚ್ಚಾಗಿ ಸೋದರಮಾವ, ಇಲ್ಲವೇ ಅಕ್ಕನ ಮೈದುನ. ಬಸವ ಜಯಂತಿಯ ದಿನ ಸಾಮೂಹಿಕ ವಿವಾಹಗಳ ಮೇಲೆ ಅಧಿಕಾರಿಗಳ ಕಣ್ಣಿರುತ್ತದೆಂದು ಎಲ್ಲರಿಗೂ ಗೊತ್ತಿರುವುದರಿಂದ, ಇಂಥ ಮದುವೆಗೆ ಲಗ್ನಪತ್ರಿಕೆ ಹಾಕಿಸುವುದಿಲ್ಲ. ಪಕ್ಕದ ತಾಲ್ಲೂಕಿನ ಯಾವುದೋ ದೇವಸ್ಥಾನದಲ್ಲಿ ಬೆಳಗಿನ ಜಾವವೇ ತಾಳಿ ಕಟ್ಟಿಸಿಕೊಂಡು ಬರುತ್ತಾರೆ. ಮಗಳ ಟಿಸಿ ಕೇಳಲು ಬಂದ ತಂದೆಯೊಬ್ಬರನ್ನು, ಬೇರೆ ಯಾವ ಕಾಲೇಜಿಗೆ ಸೇರಿಸುತ್ತೀರಿ ಎಂದು ಕೇಳಿದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, “ಕಾಲ ಸರಿ ಇಲ್ಲ ಸಾರ್, ನಾಳೆ ಮರ್ಯಾದೆ ಹೋದ್ರೆ ಯಾರು ತಂದ್ಕೊಡ್ತಾರೆ?” ಎಂದರು. ಅವರು ದುಷ್ಟರಲ್ಲ. ಸಂಜೆ ಆರರ ನಂತರ ಊರಿಗೆ ಬಸ್ಸಿಲ್ಲದ, ಮಗಳ ಕೈಯಲ್ಲಿ ಫೋನಿರುವ, ಯಾರೊಡನೆಯೋ ಓಡಿಹೋದ ಪಕ್ಕದ ಬೀದಿಯ ಹುಡುಗಿಯ ಸುದ್ದಿ ಇನ್ನೂ ಆರಿರದ ಊರಿನ ತಂದೆ ಅವರು. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆ ನಿಜ, ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ?

ಮುಂದಿನದು ಇನ್ನೂ ಕಷ್ಟದ್ದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. 2017ರಲ್ಲಿ ಸುಪ್ರೀಂ ಕೋರ್ಟ್, 18 ತುಂಬದ ಹೆಂಡತಿಯೊಂದಿಗಿನ ಸಂಬಂಧವೂ ಅತ್ಯಾಚಾರವೇ ಎಂದು ತೀರ್ಪು ಕೊಟ್ಟಿದೆ. ಎರಡೂ ಸರಿಯಾದವೇ. ಆದರೆ ನಮ್ಮ ಕಡೆ ಎಷ್ಟೋ ಮದುವೆಗಳು ಬಯಲಾಗುವುದು ಮದುವೆಯ ದಿನವಲ್ಲ, ಬಸುರಿಯರಿಗೆ ಕೊಡುವ ತಾಯಿ ಕಾರ್ಡ್ ಮಾಡಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ದಿನ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ನೋಡಿದ ಸಿಬ್ಬಂದಿ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು; ಮುಚ್ಚಿಟ್ಟರೆ ಅವರಿಗೇ ಶಿಕ್ಷೆ. ಹಾಗಾಗಿ ಗಂಡ ಜೈಲಿಗೆ ಹೋಗುತ್ತಾನೆ. ತುಂಬು ಬಸುರಿ ಹುಡುಗಿ ತವರಿಗೆ ಬೇಡವಾಗಿ, ಅತ್ತೆಮನೆಗೂ ಬೇಡವಾಗಿ ಬಾಲಮಂದಿರ ಸೇರುತ್ತಾಳೆ. ಇದನ್ನು ಕಂಡ ಮನೆಯವರು ಮುಂದಿನ ಸಲ ಮದುವೆ ನಿಲ್ಲಿಸುತ್ತಾರೆಂದುಕೊಂಡೆಯಾ? ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಎಲುಬು ಬಲಿಯದ, ರಕ್ತಹೀನತೆಯಿರುವ ಹುಡುಗಿ ಐದಾರು ತಿಂಗಳು ಯಾವ ತಪಾಸಣೆಯೂ ಇಲ್ಲದೆ ಮನೆಯೊಳಗೇ ಇರುತ್ತಾಳೆ. ಆಶಾ ಕಾರ್ಯಕರ್ತೆಯರನ್ನು ಕೇಳಿ ನೋಡು, ಅವರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಹುಡುಗರ ಪಾಡೂ ಬೇರೆಯಲ್ಲ, ದಾರಿ ಮಾತ್ರ ಬೇರೆ. ಫೇಲಾದವನು ಗಾರೆ ಕೆಲಸಕ್ಕೋ, ಸೆಂಟ್ರಿಂಗ್‌ಗೋ, ಬೆಂಗಳೂರಿನಲ್ಲಿ ಅಡುಗೆ ಬಡಿಸುವ ಕೆಲಸಕ್ಕೋ ಸೇರುತ್ತಾನೆ. ಕೂಲಿ ಫೋನಿಗೇ ಬರುತ್ತದೆ, ಅದೇ ಫೋನಿನಲ್ಲಿ ಬೆಟ್ಟಿಂಗ್ ಕೂಡ. ನೀನು ಮೊಬೈಲನ್ನು ದೂರುವುದರಲ್ಲಿ ಇಷ್ಟು ನಿಜವಿದೆ ಎಂದು ಒಪ್ಪುತ್ತೇನೆ. ನಮ್ಮ ರಾಜ್ಯ 2021ರಲ್ಲಿ ಆನ್‌ಲೈನ್ ಬೆಟ್ಟಿಂಗನ್ನು ನಿಷೇಧಿಸಿದಾಗ 2022ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಒಳ್ಳೆಯದೇ ಆಯಿತು. ಆದರೂ ಸಂಜೆಯ ಹೊತ್ತಿಗೆ ಮೈಕೈ ನೋಯಿಸಿಕೊಂಡು ಬಂದು, ಓದೂ ಇಲ್ಲದೆ, ಕಲಿತ ಕಸುಬೂ ಇಲ್ಲದೆ ಅರಳಿಕಟ್ಟೆಯ ಮೇಲೆ ಕೂರುವ ಹದಿನೇಳರ ಹುಡುಗ ಈ ಆಟವಲ್ಲದಿದ್ದರೆ ಇನ್ನೊಂದನ್ನು ಹುಡುಕಿಕೊಳ್ಳುತ್ತಾನೆ.

ಹೆಣ್ಣಿನ ಮದುವೆಯ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದು, ಆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ನೀನು ಆಗ ಅದರ ಪರವಾಗಿದ್ದೆ. ನಾನು ಈಗಲೂ ಪರವಲ್ಲ. ನಾಲ್ಕು ವರ್ಷದ ಖಾಲಿ ಜಾಗವನ್ನೇ ತುಂಬಲಾರದ ನಾವು ಅದನ್ನು ಏಳು ವರ್ಷ ಮಾಡಿದರೆ ಮುಚ್ಚಿಟ್ಟು ಮಾಡುವ ಮದುವೆಗಳು ಹೆಚ್ಚುತ್ತವೆ, ಅಷ್ಟೇ. ಅದರ ಬದಲು 14ಕ್ಕೆ ನಿಂತಿರುವ ಶಿಕ್ಷಣದ ಹಕ್ಕನ್ನು 18ಕ್ಕೆ ಒಯ್ಯಲಿ. ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿದ ಹುಡುಗಿಯ ಮದುವೆಯ ಮಾತು ಮನೆಯಲ್ಲಿ ಎರಡು ವರ್ಷ ಏಳುವುದಿಲ್ಲ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅದು ಸರ್ಕಾರದ ಕೆಲಸವಾಯಿತು. ನಿನ್ನಿಂದ ಆಗಬೇಕಾದದ್ದು ಒಂದಿದೆ, ಅದಕ್ಕಾಗಿಯೇ ಇಷ್ಟು ಉದ್ದ ಬರೆದದ್ದು. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಫೇಲಾದವರು ಎರಡನೆಯದನ್ನು ಬರೆದು ಪಾಸಾದರೆ ಅದೇ ವರ್ಷ ಪಿಯುಸಿಗೆ ಸೇರಬಹುದು. ಆದರೆ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳು ಅದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ, ಹಾಕು ಎಂದು ಮನೆಗೆ ಹೋಗಿ ಹೇಳುವವರಿಲ್ಲ. ಚಿತ್ರದುರ್ಗ ಜಿಲ್ಲೆ ಎರಡಾದ 1997ರಿಂದ ನಿಮ್ಮ ಜಗಳೂರು ದಾವಣಗೆರೆಗೆ ಸೇರಿದರೂ ಊರಿನ ಕಷ್ಟವೇನೂ ಬೇರೆಯಾಗಿಲ್ಲ. ನಿಮ್ಮಣ್ಣನವರು ಈಗ ಗ್ರಾಮ ಪಂಚಾಯ್ತಿ ಸದಸ್ಯರಲ್ಲವೇ? ಈ ಸಲದ ಫಲಿತಾಂಶ ಬಂದ ವಾರದಲ್ಲೇ ಹೈಸ್ಕೂಲಿನ ಹೆಡ್‌ಮಾಸ್ತರರಿಂದ ಫೇಲಾದವರ ಪಟ್ಟಿ ತೆಗೆದುಕೊಂಡು, ಒಬ್ಬ ಮೇಷ್ಟರನ್ನೂ ಅಂಗನವಾಡಿ ಕಾರ್ಯಕರ್ತೆಯನ್ನೂ ಜೊತೆಗೆ ಕರೆದುಕೊಂಡು ಅವರು ಆ ಮನೆಗಳಿಗೆ ಹೋಗಿ ಬರಲಿ. ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಪರೀಕ್ಷೆಯವರೆಗೆ ರಾತ್ರಿ ಎಂಟರ ತನಕ ತೆರೆದಿಡಲು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯೊಂದಿಗೆ (ಪಿಡಿಒ) ಮಾತಾಡಲಿ. ಗಣಿತ ಹೇಳಿಕೊಡಲು ಭಾನುವಾರಗಳಲ್ಲಿ ನಾನು ಬರುತ್ತೇನೆ. ಇಂಗ್ಲಿಷಿಗೆ ಯಾರನ್ನಾದರೂ ನೀನೇ ಹುಡುಕು. ಅಣ್ಣನವರು ಏನೆಂದರೆಂದು ತಿಳಿಸು.

ಇಂತಿ ನಿನ್ನ ಗೆಳೆಯ