ಹಾಲಿನಕ್ಕನ ಕೊಸರು

ಮೊನ್ನೆ ಸೋಮವಾರ ಬೆಳಗ್ಗೆ ನಮ್ಮನೆಯವರು ಮತ್ತೆ ಗಾಡಿ ಹತ್ತಿದರು. ಆಸ್ಪತ್ರೆ ಸೇರಿ ದುಡಿಮೆ ನಿಂತು ಎಂಟು ತಿಂಗಳಾಗಿತ್ತು. ಟಾರ್ಪಾಲು ತೆಗೆದು, ಗಾಜು ಒರೆಸಿ, ಸ್ಟೇರಿಂಗ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಕೀ ತಿರುಗಿಸಿದರು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬಂದು ಹೊಲಿಗೆ ಮಿಷನ್ ಮುಂದೆ ಕೂತರೆ ಕೈ ಓಡಲಿಲ್ಲ. ಎಲ್ಲರಿಗೂ ಒಂದು ಮಾತು ಹೇಳಬೇಕು ಅಂತ ತುಂಬ ದಿನದಿಂದ ಅಂದುಕೊಳ್ಳುತ್ತಿದ್ದೆ. ಇವತ್ತು ಬರೆದೇ ಬಿಡುತ್ತೇನೆ.

ಏನಾಯಿತು, ಎಷ್ಟು ದಿನ ಆಸ್ಪತ್ರೆ, ಡಾಕ್ಟರು ಏನಂದರು, ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿಮಗೆಲ್ಲ ಗೊತ್ತಿರುವುದೇ.

ಅಕ್ಕಿ ಮೂಟೆ ತಂದು ಬಾಗಿಲಲ್ಲಿಟ್ಟು ಕೂರದೆ ಹೋದ, ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ, ಪ್ರತಿ ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಇವರ ಹೆಸರು ಹೇಳಿದ ಫಾದರ್‌ಗೆ, ಮಗಳನ್ನು ಸಂಜೆ ಹೊತ್ತು ಕೂರಿಸಿಕೊಂಡು ಓದಿಸಿದ ಸಿಸ್ಟರ್‌ಗಳಿಗೆ, ತಮ್ಮತಮ್ಮಲ್ಲೇ ದುಡ್ಡು ಕೂಡಿಸಿ ಕವರಿನಲ್ಲಿ ಹಾಕಿ ಕೊಟ್ಟ ಸ್ಟ್ಯಾಂಡಿನ ಡ್ರೈವರ್ ಅಣ್ಣಂದಿರಿಗೆ, ಮೂರು ತಿಂಗಳು ಬಾಡಿಗೆ ಕೇಳದ ಮನೆ ಓನರ್ ಅಂಕಲ್‌ಗೆ, ಹೊಲಿಯುವ ಮೊದಲೇ ದುಡ್ಡು ಕೊಟ್ಟುಹೋದ ನನ್ನ ಗಿರಾಕಿಗಳಿಗೆ, ರಾತ್ರೋರಾತ್ರಿ ಬೆಂಗಳೂರಿಂದ ಬಸ್ಸು ಹತ್ತಿದ ತಮ್ಮನಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ. ಒಬ್ಬೊಬ್ಬರ ಬಗ್ಗೆಯೂ ಬರೆಯುವಷ್ಟಿದೆ. ಆದರೆ ಇವತ್ತು ಒಬ್ಬರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಉಳಿದವರು ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಗೊತ್ತು.

ನಮ್ಮ ಹಾಲಿನಕ್ಕ.

ಹಾಸನದ ಅಂಚಿನ ಹಳ್ಳಿಯವರು. ಮನೆಯಲ್ಲಿ ಎರಡು ಸೀಮೆಹಸು. ಡೈರಿಗೆ ಹಾಕಿ ಉಳಿದ ಹಾಲನ್ನು ನಮ್ಮ ಬೀದಿಯ ಏಳೆಂಟು ಮನೆಗೆ ಬೆಳಗ್ಗೆ, ಸಂಜೆ ತರುತ್ತಾರೆ. ನಮಗೆ ದಿನಾ ಅರ್ಧ ಲೀಟರ್. ಹೆಸರಿಗೆ ಗಿರಾಕಿ, ಮಾತೆಲ್ಲ ಮಳೆ, ಹಸು, ಮಕ್ಕಳು ಅಷ್ಟೇ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ನಮ್ಮ ಮನೆಯೊಳಗೆ ಬಂದು ಕೂತವರಲ್ಲ.

ಆ ಸಂಜೆ ಪುನರ್ವಸು ಮಳೆ ಹಿಡಿದುಕೊಂಡಿತ್ತು. ನಾವು ಮನೆಗೆ ಬೀಗ ಹಾಕಿ ಓಡಿದ್ದೆವು. ಅಕ್ಕ ಎಂದಿನಂತೆ ಬಂದಿದ್ದಾರೆ. ಹಾಲಿನ ಪಾತ್ರೆ ಹೊರಗಿಲ್ಲ, ಬಾಗಿಲಿಗೆ ಬೀಗ. ಪಕ್ಕದ ಮನೆಯವರನ್ನು ಕೇಳಿದ್ದಾರೆ. ಕೇಳಿದವರು ಮನೆಗೆ ಹೋಗಲಿಲ್ಲ, ಕ್ಯಾನು ಹಿಡಿದುಕೊಂಡೇ ಸಿಟಿ ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಬಂದರು. ಐಸಿಯು ಮುಂದಿನ ಕಾರಿಡಾರಿನಲ್ಲಿ ನಾನು ಒಬ್ಬಳೇ ಕೂತಿದ್ದೆ. ಮೊದಲು ಕಂಡಿದ್ದು ಅವರ ಒದ್ದೆ ಸೆರಗು, ಕೈಯಲ್ಲಿದ್ದ ಅಲ್ಯೂಮಿನಿಯಂ ಕ್ಯಾನು. ಹಾಲಿನವರು ಇಲ್ಲಿಗೆ ಯಾಕೆ ಬಂದರು ಅಂತ ಒಂದು ಗಳಿಗೆ ನನಗೆ ಅರ್ಥವೇ ಆಗಲಿಲ್ಲ.

"ಒಬ್ಳೇ ಕೂತಿದೀಯಲ್ಲವ್ವ" ಅಂದರು. ಅಷ್ಟೇ. ನೆಲದ ಮೇಲೆ ನನ್ನ ಪಕ್ಕ ಕೂತರು.

ಹಸು ಕರೆಯೋರು ಯಾರು ಅಂತ ಕೇಳಿದೆ. ಮಗನಿಗೆ ಹೇಳಿದ್ದೀನಿ, ಸುಮ್ಕಿರು ಅಂದರು. ಒಂಬತ್ತು ಗಂಟೆ ಹೊತ್ತಿಗೆ ಎದ್ದು ಕ್ಯಾನು ತೆಗೆದುಕೊಂಡು ಎದುರಿನ ಟೀ ಅಂಗಡಿಗೆ ಹೋದರು. ಹಾಲು ಕಾಯಿಸಿಕೊಂಡು, ಅಂಗಡಿಯವರ ಹತ್ತಿರ ಪೇಪರ್ ಲೋಟ ಇಸಿದುಕೊಂಡು ಬಂದರು. ಆ ಕಾರಿಡಾರಿನಲ್ಲಿ ನಮ್ಮ ಥರಾನೇ ಕಾಯುತ್ತಾ ಕೂತಿದ್ದವರು ಹತ್ತು ಹದಿನೈದು ಜನ ಇದ್ದರು. ಬೇಲೂರು ಕಡೆಯವರು, ಅರಕಲಗೂಡಿನವರು, ಒಬ್ಬ ಮುದುಕರು ಸಕಲೇಶಪುರದ ತೋಟದವರು. ಎಲ್ಲರಿಗೂ ಒಂದೊಂದು ಲೋಟ ಕೊಟ್ಟರು. ನಾನು, ಅಕ್ಕ, ಅಷ್ಟೂ ಯಾಕೆ ಕೊಟ್ಟುಬಿಟ್ರಿ, ಬೆಳಗ್ಗೆ ಮಾರಬಹುದಿತ್ತಲ್ವಾ ಅಂದೆ. ಅಂಥ ಹೊತ್ತಲ್ಲೂ ನನ್ನ ತಲೆ ದುಡ್ಡಿನ ಲೆಕ್ಕವನ್ನೇ ಮಾಡುತ್ತಿತ್ತು.

"ಹಾಲು ಕಣವ್ವ ಇದು. ನಾಳೀಕೆ ಅಂತ ಮಡಗಿದ್ರೆ ಒಡ್ದೋಯ್ತದೆ. ಇವತ್ತಿಂದು ಇವತ್ತೇ ಮುಗೀಬೇಕು."

ಆಗ ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ರಾತ್ರಿ ಎರಡು ಗಂಟೆಗೆ ಒಳಗಿಂದ ಕರೆದರು. ಬೆಳಗ್ಗೆ ತನಕ ಏನೂ ಹೇಳಕ್ಕಾಗಲ್ಲ ಅಂದರು. ಹೊರಗೆ ಬಂದು ಜಪಸರ ಕೈಗೆ ತೆಗೆದುಕೊಂಡೆ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಶುರು ಮಾಡಿದೆ. "ನಿಮ್ಮ ಚಿತ್ತ ನೆರವೇರಲಿ" ಅನ್ನೋ ಸಾಲು ಬಂದಾಗ ನನ್ನ ಬಾಯಿ ನಿಂತುಹೋಯಿತು. ಹೇಳಲಾಗಲಿಲ್ಲ. ದೇವರ ಚಿತ್ತ ಏನಿದೆಯೋ ಅಂತ ಹೆದರಿಕೆ. ಸತ್ಯ ಹೇಳುತ್ತೇನೆ, ಆ ಸಾಲನ್ನು ಬಿಟ್ಟು "ಅನುದಿನದ ಆಹಾರ"ಕ್ಕೆ ಹಾರಿದೆ. ಚಿಕ್ಕಂದಿನಿಂದ ಹೇಳಿಕೊಂಡು ಬಂದ ಪ್ರಾರ್ಥನೆ, ನಮ್ಮಮ್ಮ ಕಲಿಸಿದ್ದು. ಅದನ್ನು ಹರಿದು ಅರ್ಧ ಮಾಡಿದೆ ಅನ್ನಿಸಿ ಅಳು ಬಂತು. ಜೋರಾಗಿ ಅತ್ತೆ. ಅಕ್ಕ ಸಮಾಧಾನ ಹೇಳಲಿಲ್ಲ. ನನ್ನ ತಲೆಯನ್ನು ಎಳೆದು ತೊಡೆ ಮೇಲೆ ಇಟ್ಟುಕೊಂಡರು. ಸೀರೆಯಲ್ಲಿ ಸಗಣಿ, ಹಸಿಹುಲ್ಲು, ಹಾಲು ಎಲ್ಲ ಸೇರಿದ ವಾಸನೆ. ಬೆಳಗಾಗುವವರೆಗೂ ಅವರು ಕಾಲು ಕದಲಿಸಲಿಲ್ಲ. ಎದ್ದಾಗ ಅವರಿಗೆ ನಿಲ್ಲಲಾಗದೆ ಗೋಡೆ ಹಿಡಿದುಕೊಂಡಿದ್ದು ಈಗಲೂ ಕಣ್ಣ ಮುಂದಿದೆ.

ಬೆಳಗ್ಗೆ ಆರೂವರೆಗೆ ಒಳಗಿನಿಂದ ಒಳ್ಳೆ ಸುದ್ದಿ ಬಂತು. ಅಕ್ಕ ಕ್ಯಾನು ಎತ್ತಿಕೊಂಡು ಬಸ್ಸಿಗೆ ಹೋದರು.

ಆಮೇಲಿನದು ನಿಧಾನದ ಕಷ್ಟ. ಜೀವ ಉಳಿಯಿತು, ದುಡಿಮೆ ನಿಂತಿತು. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಾ ರಾತ್ರಿ ಲೆಕ್ಕ ಬರೆಯುತ್ತಿದ್ದೆ. ಬಾಡಿಗೆ, ಮಾತ್ರೆ, ಗಾಡಿ ಕಂತು, ಮಂಗಳವಾರ ಕಟ್ಟಬೇಕಾದ ಸಂಘದ ಸಾಲ, ಮಗಳ ಫೀಸು. ನಾಳೆಯದು ಬರೆದು, ಮುಂದಿನ ತಿಂಗಳದ್ದು ಬರೆದು, ಆರು ತಿಂಗಳದ್ದು ಬರೆದು, ಒಟ್ಟು ಹಾಕಿ ನೋಡಿ ಬೆವರುತ್ತಿದ್ದೆ. ಮರುದಿನ ಮತ್ತೆ ಅದೇ ಲೆಕ್ಕ. ಬರೆದಿದ್ದರಿಂದ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ.

ಆಗ ಬಂದವರಲ್ಲಿ ಕೆಲವರು ಬೈಬಲಿನ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ ಓದಿ ಹೋಗುತ್ತಿದ್ದರು. ಏನನ್ನು ಊಟ ಮಾಡೋಣ, ಏನನ್ನು ಉಡೋಣ ಅಂತ ಚಿಂತೆ ಮಾಡಬೇಡಿ, ಹಕ್ಕಿಗಳನ್ನು ನೋಡಿ, ಹೂಗಳನ್ನು ನೋಡಿ ಅನ್ನೋ ಭಾಗ. ಅವರು ಒಳ್ಳೆ ಮನಸ್ಸಿಂದಲೇ ಓದಿದರು. ನನಗೆ ಮಾತ್ರ ಚುಚ್ಚುತ್ತಿತ್ತು. ಬಟ್ಟೆ ಹೊಲಿದು ಬದುಕುವವಳಿಗೆ, ಹೂಗಳು ದುಡಿಯುವುದಿಲ್ಲ, ನೂಲುವುದಿಲ್ಲ, ಆದರೂ ಸೊಲೊಮೋನ ರಾಜನಿಗೂ ಅಂಥ ಉಡುಪು ಇರಲಿಲ್ಲ ಅಂತ ಹೇಳಿದರೆ ಹೇಗಿರುತ್ತೆ? ನೂಲು ಹಿಡಿಯದಿದ್ದರೆ ನನ್ನ ಒಲೆ ಹೊತ್ತುವುದಿಲ್ಲವಲ್ಲ.

ಆದರೆ ಬಿಡದೆ ಓದಿದೆ. ಕುಚ್ಚು ಕಟ್ಟುವಾಗ ಮಡಿಲ ಪಕ್ಕದಲ್ಲಿ ಬೈಬಲ್ ತೆರೆದಿಟ್ಟುಕೊಂಡು ಓದಿದೆ. ಯೇಸುಸ್ವಾಮಿ ದುಡಿಯಬೇಡಿ ಅಂತ ಅಲ್ಲಿ ಹೇಳಿಲ್ಲ. ಚಿಂತೆ ಮಾಡಬೇಡಿ ಅಂದಿದ್ದಾರೆ. ಹಕ್ಕಿಯೂ ಕೂತಲ್ಲಿ ತಿನ್ನುವುದಿಲ್ಲ, ಬೆಳಗ್ಗಿನಿಂದ ಕತ್ತಲಾಗುವವರೆಗೂ ಹಾರಾಡಿ ಹುಡುಕುತ್ತೆ. ಆ ಮಾತು ಕೇಳಿಸಿಕೊಂಡವರು ಕೂಡ ಕಣಜ ತುಂಬಿದವರಲ್ಲ. ಗಲಿಲೇಯದ ಮೀನುಗಾರರು, ಸಣ್ಣ ರೈತರು, ಕೂಲಿಯವರು. ಅದೇ ಶುಭಸಂದೇಶದ 20ನೇ ಅಧ್ಯಾಯದಲ್ಲಿ ದ್ರಾಕ್ಷಿ ತೋಟದ ಕತೆ ಇದೆಯಲ್ಲ, ಸಂಜೆ ಐದು ಗಂಟೆಯಾದರೂ ಯಾರೂ ಕೆಲಸಕ್ಕೆ ಕರೆಯಲಿಲ್ಲ ಅಂತ ಸಂತೆಬೀದಿಯಲ್ಲಿ ನಿಂತಿದ್ದವರದ್ದು, ಅಂಥವರು. ಇವತ್ತು ಕೂಲಿ ಸಿಕ್ಕರೆ ಇವತ್ತು ಊಟ. ಅವರ ಬಾಯಲ್ಲಿ "ಅನುದಿನದ ಆಹಾರ" ಅನ್ನೋದು ಎಷ್ಟು ಭಾರದ ಮಾತು ಅಂತ ನನಗೆ ಈ ವರ್ಷ ಗೊತ್ತಾಯಿತು. ಆ ಪ್ರಾರ್ಥನೆಯಲ್ಲಿ ಆರು ತಿಂಗಳ ರೇಷನ್ ಕೇಳುವುದಿಲ್ಲ. ಇವತ್ತಿನದು ಅಷ್ಟೇ.

ಇಸ್ರಯೇಲರಿಗೆ ದೇವರು ಕೊಟ್ಟ ಆಹಾರ, ಮನ್ನಾ, ಅದರ ಕತೆಯೂ ಅದೇ. ವಿಮೋಚನಾಕಾಂಡದ 16ನೇ ಅಧ್ಯಾಯ. ಮರಳುಗಾಡಿನಲ್ಲಿ ಬೆಳಗ್ಗೆ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಸಿಗುತ್ತಿತ್ತು, ಅವತ್ತಿಗೆ ಬೇಕಾದಷ್ಟು ಆಯ್ದುಕೊಳ್ಳಬೇಕು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡು ದಿನದ್ದು. ಹೆದರಿಕೊಂಡು ನಾಳೆಗೆ ಇಟ್ಟುಕೊಂಡವರ ಪಾತ್ರೆಯಲ್ಲಿ ಹುಳ ಬಿದ್ದು ನಾರಿತು. 40 ವರ್ಷ ಹೀಗೇ ತಿಂದರು. ಅದನ್ನು ಓದುತ್ತಿದ್ದಾಗಲೇ ಕಾರಿಡಾರಿನ ಆ ಮಾತು ತಟ್ಟನೆ ನೆನಪಾಯಿತು. ನಾಳೀಕೆ ಮಡಗಿದ್ರೆ ಒಡ್ದೋಯ್ತದೆ. ಮೈ ಜುಂ ಅಂತು. ಬೈಬಲ್ ಮುಟ್ಟದ ಹೆಂಗಸು ಅದೇ ಮಾತನ್ನು ಹಾಲಿನ ಕ್ಯಾನು ಹಿಡಿದುಕೊಂಡು ನನಗೆ ಹೇಳಿದ್ದರು.

ಇನ್ನೊಂದು ಹೇಳಲೇಬೇಕು. ಎಂಟು ತಿಂಗಳೂ ಅಕ್ಕ ಹಾಲು ನಿಲ್ಲಿಸಲಿಲ್ಲ. ನಮ್ಮಲ್ಲಿ ಹಾಲಿನ ಲೆಕ್ಕ ಕ್ಯಾಲೆಂಡರಿನಲ್ಲಿ. ಆ ತಿಂಗಳುಗಳ ಹಾಳೆ ಖಾಲಿ. ಬರೆಯಲು ಹೋದರೆ, ಆಮೇಲೆ ನೋಡ್ಕಳಣ ಅನ್ನುತ್ತಿದ್ದರು. ಅಷ್ಟೇ ಅಲ್ಲ, ಅರ್ಧ ಲೀಟರ್ ಅಳೆದು ಹುಯ್ದ ಮೇಲೆ ಕ್ಯಾನನ್ನು ಒಂದು ಸಲ ವಾರೆ ಮಾಡಿ ಇನ್ನೊಂದಿಷ್ಟು ಸುರಿಯುತ್ತಾರೆ, ಕೊಸರು. ಹನ್ನೆರಡು ವರ್ಷದಿಂದ ಸುರಿಯುತ್ತಿದ್ದಾರೆ, ದುಡ್ಡು ಬಾರದ ಆ ತಿಂಗಳುಗಳಲ್ಲೂ ಸುರಿದರು. ದುಡ್ಡೇ ಇಲ್ಲದ ಹಾಲಿಗೆ ಕೊಸರು ಯಾಕಕ್ಕ ಅಂತ ಕೇಳಿದ್ದಕ್ಕೆ, ಅಳತೆ ಮಾಡಿ ಹುಯ್ಯೋದು ಯಾಪಾರ, ಕೊಸರು ಮನ್ಸಿಂದು ಅಂದರು.

ಯೇಸುಸ್ವಾಮಿ ಹೇಳಿದ ಗುಬ್ಬಿಯ ಮಾತು ಎರಡು ಕಡೆ ಬರುತ್ತೆ. ಮತ್ತಾಯನ 10ನೇ ಅಧ್ಯಾಯದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ 12ನೇ ಅಧ್ಯಾಯದಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿ ನೋಡಿ, ನಾಲ್ಕು ಬರಬೇಕು. ಐದನೆಯದು ಕೊಸರು. ಬೆಲೆಯೇ ಇಲ್ಲದ ಗುಬ್ಬಿ. ಅವುಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ ಅಂತ ಅಲ್ಲೇ ಬರೆದಿದೆ. ಎಷ್ಟು ಸಲ ಓದಿದ್ದೆ, ಆ ಐದನೆಯ ಗುಬ್ಬಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇವರು ಮಂಚ ಹಿಡಿದಿದ್ದ ದಿನಗಳಲ್ಲಿ, ದುಡಿಯಲಾಗದೆ, ನನ್ನಿಂದ ಯಾರಿಗೇನು ಪ್ರಯೋಜನ ಅಂತ ಗೋಡೆ ಕಡೆ ತಿರುಗಿ ಮಲಗಿದ್ದಾಗ ಇದನ್ನು ಓದಿ ಹೇಳಿದೆ. ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಈ ಕಡೆ ಹೊರಳಿ, ಇನ್ನೊಂದು ಸಲ ಓದು ಅಂದರು.

ಯಕೋಬನ ಪತ್ರದ 2ನೇ ಅಧ್ಯಾಯದಲ್ಲಿ ಒಂದು ಖಡಾಖಂಡಿತ ಮಾತಿದೆ. ಉಡಲು ಬಟ್ಟೆ, ಆ ದಿನದ ಊಟ ಇಲ್ಲದವರಿಗೆ ಏನನ್ನೂ ಕೊಡದೆ, ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ ಅಂದರೆ ಏನು ಪ್ರಯೋಜನ ಅಂತ. ದೇವರನ್ನು ನಂಬು ಅಂತ ಹೇಳಿದವರು ಬಹಳ ಜನ. ನಂಬುವ ಹಾಗೆ ಮಾಡಿದವರು ನೀವು, ಮೇಲೆ ಹೆಸರಿಸಿದವರೆಲ್ಲ. ಅದಕ್ಕೇ ಈ ಬರಹ.

ಹಾಸನಾಂಬೆ ಗುಡಿ ಬಾಗಿಲು ತೆಗೆದಾಗ ಅಕ್ಕ ಗಂಟೆಗಟ್ಟಲೆ ಸಾಲಲ್ಲಿ ನಿಂತು ಇವರಿಗೋಸ್ಕರ ಕೈಮುಗಿದು ಬಂದರು. ನಾವು ಹೋದ ತಿಂಗಳು ಶೆಟ್ಟಿಹಳ್ಳಿಗೆ ಹೊರಟಾಗ ಅವರನ್ನೂ ಕರೆದೆ, ಬಂದರು. ನಮ್ಮಜ್ಜಿಯ ಊರು ಅದು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ರೋಸರಿ ಚರ್ಚು. ಗೊರೂರಿನ ಹೇಮಾವತಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಬಂತು, ಊರು ಎದ್ದುಹೋಯಿತು. ಚರ್ಚು ಮಳೆಗಾಲದಲ್ಲಿ ನೀರಲ್ಲಿ ನಿಂತಿರುತ್ತೆ, ಬೇಸಿಗೆಯಲ್ಲಿ ನಡೆದುಕೊಂಡೇ ಒಳಗೆ ಹೋಗಬಹುದು. ಸೂರಿಲ್ಲ, ಕಮಾನುಗಳು ಮಾತ್ರ. ಊರು ಬಿಟ್ಟ ದಿನ ಗಾಡಿಯಲ್ಲಿ ಒರಳುಕಲ್ಲು ಹೇರಿಕೊಂಡು ಬಂದೆ, ರುಬ್ಬೋಕೆ ಏನೂ ಇರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಮೊದಲ ವಾರ ಪಕ್ಕದ ಹಳ್ಳಿಯವರು ಮುದ್ದೆ ಸಾರು ಕಳಿಸಿದರಂತೆ.

ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದರು. ಒಣಗಿ ಬಿರುಕುಬಿಟ್ಟ ಮಣ್ಣಿನ ಮೇಲೆ, ಪೀಠ ಇದ್ದ ಕಡೆ ಮುಖ ಮಾಡಿ ನಾವು ಪ್ರಾರ್ಥನೆ ಹೇಳಿದೆವು. ನಾನು ಆ ಸಾಲಿನ ಹತ್ತಿರ ಬಂದಾಗ ಇವರು ನನ್ನ ಕೈ ಹಿಡಿದುಕೊಂಡರು. ಈ ಸಲ ಹೇಳಿದೆ. ದನಿ ನಡುಗಿತು, ಹೇಳಿದೆ.

ಸೋಮವಾರ ಗಾಡಿ ಹೋದ ಮೇಲೆ ಅಕ್ಕ ಬಂದರು. "ಹೊಂಟ್ರಾ?" ಅಂದರು. ಹೊರಟರು ಅಂದೆ. ಹಳೆ ಹಾಲಿನ ದುಡ್ಡು ಸ್ವಲ್ಪ ಸ್ವಲ್ಪ ಕೊಡ್ತೀನಿ ಅಂದಿದ್ದಕ್ಕೆ ಕೇಳಿಸದವರ ಹಾಗೆ ಅಳತೆ ಡಬ್ಬ ಕ್ಯಾನಿಗೆ ಅದ್ದಿದರು. ಹುಯ್ದರು. ಕ್ಯಾನು ವಾರೆ ಮಾಡಿ ಕೊಸರು ಸುರಿದರು.

"ಇವತ್ತಿಂದ ಬರ್ಕಳವ್ವ" ಅಂದರು.

ಕ್ಯಾಲೆಂಡರಿನಲ್ಲಿ ಸೋಮವಾರದ ಮನೆಯಲ್ಲಿ ಅರ್ಧ ಅಂತ ಬರೆದೆ.