ಕುಡಿತಕ್ಕೆ ಕುಲದ ಹಣೆಪಟ್ಟಿ ಏಕೆ?

ಮಾನ್ಯರೆ,

ಮೂಡಿಗೆರೆ, ಕೊಪ್ಪದ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯ ಕಾರ್ಮಿಕರೂ ಇದ್ದಾರೆ. ಬಟವಾಡೆಯ ಮರುದಿನ ಒಬ್ಬ ಕೆಲಸಕ್ಕೆ ಬಾರದಿದ್ದರೆ ಸಾಕು, 'ಆ ಜನವೇ ಹಾಗೆ, ಕುಡುಕರು' ಎಂಬ ತೀರ್ಪು ಸಿದ್ಧ. ಹಿಂದೆ ಇದೇ ಮಾತನ್ನು ನಮ್ಮ ಗಿರಿಜನ ಕಾಲೊನಿಗಳವರ ಬಗ್ಗೆ ಆಡುತ್ತಿದ್ದೆವು. ತೋಟದ ಮಾಲೀಕರ ಕ್ಲಬ್ಬುಗಳಲ್ಲಿ ಹರಿಯುವ ಮದ್ಯ ಮಾತ್ರ ಲೆಕ್ಕಕ್ಕಿಲ್ಲ!

ಕುಡಿತದ ಚಟವೂ ಒಂದು ಮನೋರೋಗವೇ; ಜನಾಂಗಕ್ಕೂ ಮನೋರೋಗಕ್ಕೂ ಇರುವ ನಂಟು ಅಷ್ಟು ಸರಳವಲ್ಲ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ತೀವ್ರ ಖಿನ್ನತೆಗೆ ಒಳಗಾದವರು ಬಿಳಿಯರಲ್ಲಿ ಸುಮಾರು ಶೇ 18, ಆಫ್ರಿಕನ್ ಅಮೆರಿಕನ್ನರಲ್ಲಿ ಶೇ 10. ಆದರೆ ಕಾಯಿಲೆ ಬಂದ ಮೇಲೆ ಕಪ್ಪುಜನರನ್ನೇ ಅದು ಹೆಚ್ಚು ಕಾಲ ಕಾಡಿತ್ತು; ಅವರಲ್ಲಿ ಚಿಕಿತ್ಸೆ ಪಡೆದವರು ಅರ್ಧಕ್ಕಿಂತ ಕಡಿಮೆ.

ನಮ್ಮಲ್ಲೂ ಕೊರತೆ ಇರುವುದು ಚಿಕಿತ್ಸೆಯದ್ದೇ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನದಿಂದ ಬಳಲುವವರಲ್ಲಿ ಶೇ 86ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಭಾಷೆ ಬಾರದ ಊರಲ್ಲಿ ಇರುವವರ ಪಾಡು ಇನ್ನೂ ಕಷ್ಟ. ದಿನವೂ ವಿಪರೀತ ಕುಡಿಯುವವನಿಗೆ ಏಕಾಏಕಿ ಬಿಡಿಸಿದರೆ ಎರಡು-ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು, ಜೀವಕ್ಕೇ ಅಪಾಯವಾಗಬಹುದು. ಮೇಸ್ತ್ರಿಗಳ ಕಣ್ಣಿಗೆ ಅದು ದೆವ್ವ, ಇಲ್ಲವೇ ನಾಟಕ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಉಚಿತ. ಹಿಂದಿ, ಅಸ್ಸಾಮಿ, ಬಂಗಾಳಿಯಲ್ಲೂ ಮಾತಾಡಬಹುದು. ತೋಟದ ಮಾಲೀಕರು ಈ ಸಂಖ್ಯೆಯನ್ನು ಪ್ರತಿ ಲೈನ್‌ನ ಗೋಡೆಯ ಮೇಲೆ ಬರೆಸಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಕೊಯ್ಲಿನ ತಿಂಗಳುಗಳಲ್ಲಿ ಹಿಂದಿ ಬಲ್ಲ ಒಬ್ಬರನ್ನು ಕರೆದುಕೊಂಡು ತೋಟಗಳಿಗೇ ಬರಲಿ. ರಜೆಯ ದಿನ ಬಂದರೆ ಎಲ್ಲರೂ ಸಿಗುತ್ತಾರೆ.

– ಒಬ್ಬ ಓದುಗ, ಮೂಡಿಗೆರೆ