ಹೊಸ ರಿಮ್‌ಫೈರ್ ರೈಫಲ್: "ಕಾಡತೂಸು ಬದಲಿಸಿ" ಎಂಬ ನಿಮ್ಮ ಉತ್ತರ ಸಾಲದು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಪಾಯಿಂಟ್ ಟೂ-ಟೂ (0.22 ಇಂಚು ಅಳತೆಯ) ಬೋಲ್ಟ್ ಆ್ಯಕ್ಷನ್ ರೈಫಲ್‌ನಲ್ಲಿ ಕಾಡತೂಸು ಸಿಡಿಯದಿರುವುದು, ಖಾಲಿ ಕೇಸ್ (ಹಿತ್ತಾಳೆ ಚಿಪ್ಪು) ಒಳಗೇ ಉಳಿಯುವುದು, ಗುರಿ ಚದುರುವುದು. ಇದು ಎರಡನೇ ದೂರು.

ಮಾನ್ಯರೇ,

ಐದು ವಾರ ಕಾದ ಮೇಲೆ ನನ್ನ ರೈಫಲ್ ನಿಮ್ಮ ಸರ್ವಿಸ್ ಸೆಂಟರಿನಿಂದ ವಾಪಸ್ ಬಂತು. ಜೊತೆಗೆ ಒಂದು ಚೀಟಿ ಇತ್ತು. "ಪರೀಕ್ಷಿಸಲಾಗಿದೆ. ದೋಷ ಕಂಡುಬಂದಿಲ್ಲ. ಉತ್ತಮ ಗುಣಮಟ್ಟದ ಕಾಡತೂಸು ಬಳಸಿ." ಅಷ್ಟೇ. ಎಷ್ಟು ಗುಂಡು ಹಾರಿಸಿ ನೋಡಿದಿರಿ, ಯಾವ ಕಾಡತೂಸು ಹಾಕಿದಿರಿ, ಎಷ್ಟು ದೂರದಿಂದ, ಒಂದೂ ಇಲ್ಲ. ಮಾರನೇ ದಿನವೇ ರೇಂಜಿಗೆ ತೆಗೆದುಕೊಂಡು ಹೋದೆ. 100 ಕಾಡತೂಸಿನಲ್ಲಿ 6 ಸಿಡಿಯಲಿಲ್ಲ.

ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಸಿಟ್ಟು ಇಲ್ಲ ಅಂತಲ್ಲ. ಆದರೆ ನನ್ನ ಸಿಟ್ಟಿಗಿಂತ ನನ್ನ ನೋಟ್‌ಬುಕ್ಕಿನ ಲೆಕ್ಕ ನಿಮಗೆ ಜಾಸ್ತಿ ಉಪಯೋಗಕ್ಕೆ ಬರಬಹುದು.

ಮೊದಲ ದಿನದಿಂದ ಹೇಳುತ್ತೇನೆ. ಅವತ್ತು ನಾಲ್ಕು ಬಗೆಯ ಕಾಡತೂಸು ತಂದಿದ್ದೆ. ಒಂದು ಅಗ್ಗದ್ದು, ಎರಡು ಸ್ಟ್ಯಾಂಡರ್ಡ್, ಒಂದು ಮ್ಯಾಚ್, ಅಂದರೆ ಸ್ಪರ್ಧೆಯ ದರ್ಜೆಯದು. ತಲಾ 50 ಹಾಕಿದೆ. ಅಗ್ಗದ್ದರಲ್ಲಿ 6 ಸಿಡಿಯಲಿಲ್ಲ, ಸ್ಟ್ಯಾಂಡರ್ಡ್‌ನಲ್ಲಿ ಒಂದರಲ್ಲಿ 4, ಇನ್ನೊಂದರಲ್ಲಿ 5, ದುಬಾರಿ ಮ್ಯಾಚ್ ಕಾಡತೂಸಿನಲ್ಲೂ 4. ಒಟ್ಟು 200ರಲ್ಲಿ 19. ದೋಷ ಕಾಡತೂಸಿನದ್ದೇ ಆಗಿದ್ದರೆ ನಾಲ್ಕು ಡಬ್ಬಿಯೂ ಹೀಗೆ ಹೆಚ್ಚುಕಮ್ಮಿ ಒಂದೇ ಲೆಕ್ಕ ಕೊಡಬೇಕಿರಲಿಲ್ಲ ಅಲ್ವಾ?

ಟಕ್ ಅಂದು ಸುಮ್ಮನಾದಾಗಲೆಲ್ಲ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾದಿದ್ದೇನೆ. ತಡವಾಗಿ ಸಿಡಿಯುವ ಸಾಧ್ಯತೆ ಇರುತ್ತದೆ. ಆಮೇಲಷ್ಟೇ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಅಗುಳಿ, ತೆಗೆದು ಕಾಡತೂಸನ್ನು ಬೇರೆ ಡಬ್ಬಿಯಲ್ಲಿ ಎತ್ತಿಟ್ಟೆ. ಇದನ್ನು ಬರೆಯುವುದಕ್ಕೆ ಕಾರಣ ಇದೆ. ನಿಮ್ಮ ಸಹಾಯವಾಣಿಯವರು ಮೊದಲು ಕೇಳಿದ ಪ್ರಶ್ನೆಯೇ "ನಿಮಗೆ ಬಂದೂಕು ಬಳಸಿ ಅಭ್ಯಾಸ ಇದೆಯಾ?" ಎರಡನೆಯ ಸಲಹೆ, "ಪ್ರೈಮರ್ ಸರಿಯಾಗಿ ಕೂತಿದೆಯಾ ನೋಡಿ". ರಿಮ್‌ಫೈರ್ ಕಾಡತೂಸಿನಲ್ಲಿ ಬೇರೆ ಪ್ರೈಮರ್, ಅಂದರೆ ಕೇಸಿನ ತಳದ ನಡುವೆ ಕೂರಿಸುವ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು, ಎಲ್ಲಿದೆ ಸ್ವಾಮಿ? ಹೊತ್ತಿಕೊಳ್ಳುವ ಮದ್ದು ಹಿತ್ತಾಳೆ ಕೇಸಿನ ಅಂಚಿನೊಳಗೇ ಇರುತ್ತದೆ. ಫೈರಿಂಗ್ ಪಿನ್ ಆ ಅಂಚನ್ನು ಜೋರಾಗಿ ಜಜ್ಜಬೇಕು. ರಿಮ್‌ಫೈರ್ ಅನ್ನೋ ಹೆಸರೇ ಅದರಿಂದ ಬಂದದ್ದು. ಫೋನಿನಲ್ಲಿದ್ದ ಹುಡುಗನನ್ನು ದೂರುತ್ತಿಲ್ಲ. ಅವನ ಮುಂದೆ ತಪ್ಪು ಕಾಗದ ಇಟ್ಟವರು ಬೇರೆ ಯಾರೋ.

ಸಿಡಿಯದ ಆ 19ನ್ನು ಕ್ಲಬ್ಬಿನ ಗೆಳೆಯರೊಬ್ಬರ ಹಳೆಯ ರೈಫಲ್‌ಗೆ ಹಾಕಿದೆವು. ಅಂಚಿನ ಹೊಸ ಜಾಗಕ್ಕೆ ಪೆಟ್ಟು ಬೀಳಲಿ ಅಂತ ಸ್ವಲ್ಪ ತಿರುಗಿಸಿ ಕೂರಿಸಿದೆವು. 17 ಸಿಡಿದವು. ಉಳಿದ ಎರಡು ಅಲ್ಲೂ ಸಿಡಿಯಲಿಲ್ಲ. ಆ ಎರಡರಲ್ಲಿ ತಪ್ಪು ಕಾಡತೂಸಿನದ್ದೇ, ಒಪ್ಪಿಕೊಳ್ಳುತ್ತೇನೆ. ನೀವು ಹೇಳಬಹುದು, ಅಂಚಿನ ಒಂದು ಕಡೆ ಮದ್ದು ಹರಡಿರಲಿಲ್ಲ, ತಿರುಗಿಸಿದ್ದಕ್ಕೇ ಸಿಡಿಯಿತು ಅಂತ. ನ್ಯಾಯವಾದ ಮಾತು. ಅದಕ್ಕೇ ಅದೇ ನಾಲ್ಕು ಬಗೆಯಲ್ಲಿ, ಅದೇ ಲಾಟ್ ನಂಬರಿನ ತಲಾ 50 ಹೊಸ ಕಾಡತೂಸನ್ನು ಅವರ ರೈಫಲ್‌ನಲ್ಲಿ ಹಾರಿಸಿದೆವು. 200ರಲ್ಲಿ ಸಿಡಿಯದೆ ಉಳಿದದ್ದು ಒಂದೇ ಒಂದು. ಎರಡೂ ರೈಫಲ್‌ಗಳ ಕೇಸುಗಳನ್ನು ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಅವರದ್ದರಲ್ಲಿ ಪಿನ್ನಿನ ಗುರುತು ಆಳವಾಗಿ, ಚೌಕಾಗಿ ಕೂತಿದೆ. ನನ್ನದರಲ್ಲಿ ಉಗುರಿನಿಂದ ಒತ್ತಿದ ಹಾಗಿದೆ. ಫೋಟೋ ಈ ಪತ್ರದ ಜೊತೆಗಿದೆ.

ಬೋಲ್ಟಿನೊಳಗೆ ಜಿಡ್ಡು ತುಂಬಿದ್ದರೂ ಪೆಟ್ಟು ಮೆತ್ತಗಾಗುತ್ತದೆ ಅಂತ ಗೊತ್ತು. ತುಂಬಿತ್ತು ಕೂಡ. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಬಳಿದ ಗ್ರೀಸ್ ಸ್ಪ್ರಿಂಗಿಗೆಲ್ಲ ಅಂಟಿಕೊಂಡಿತ್ತು. ಬಿಚ್ಚಿ, ತೊಳೆದು, ಒಣಗಿಸಿ, ಎಣ್ಣೆಯನ್ನು ಕೈಗೆ ಅಂಟಿದಷ್ಟು ಮಾತ್ರ ಹಚ್ಚಿ ಮತ್ತೆ 200 ಹಾಕಿದೆ. 19 ಇದ್ದದ್ದು 11ಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ನಿಮ್ಮಲ್ಲಿಂದ ಬಂದ ಮೇಲಿನ 6 ಸೇರಿಸಿದರೆ, 500ರಲ್ಲಿ 36. ನೂರಕ್ಕೆ ಏಳು. ಸ್ಪರ್ಧೆಗೆ ಬಿಡಿ, ಹೊಸಬರಿಗೆ ಕಲಿಸುವುದಕ್ಕೂ ಈ ರೈಫಲ್ ಕೊಡಲಾರೆ. ಸಿಡಿಯದ ಕಾಡತೂಸು ಅಂದರೆ ಗಾಬರಿಯಲ್ಲಿ ನಳಿಗೆಯನ್ನು ಅತ್ತಿತ್ತ ತಿರುಗಿಸುವವರು ಹೊಸಬರೇ.

ನಿಮ್ಮ ಚೀಟಿ ನೋಡಿದ ಮೇಲೆ ಬಂದೂಕು ರಿಪೇರಿ ಮಾಡುವವರೊಬ್ಬರ ಹತ್ತಿರ ಹೋದೆ. ಅವರು ಹತ್ತು ನಿಮಿಷ ತೆಗೆದುಕೊಂಡರು. ಬೋಲ್ಟಿನ ಮುಖಕ್ಕೂ ಚೇಂಬರಿನ (ನಳಿಗೆಯಲ್ಲಿ ಕಾಡತೂಸು ಕೂರುವ ಗೂಡಿನ) ಬಾಯಿಗೂ ನಡುವೆ ಕಾಡತೂಸಿನ ಅಂಚು ಕೂರುವ ಸಂದು ಇರುತ್ತದಲ್ಲ, ಅದನ್ನು ಅಳೆದರು. 1.09 ಮಿ.ಮೀ. ಗೇಜ್ (ಅಷ್ಟೇ ದಪ್ಪದ ಅಳತೆ ಬಿಲ್ಲೆ) ಇಟ್ಟರೆ ಬೋಲ್ಟ್ ಮುಚ್ಚಿಕೊಳ್ಳಬೇಕು, ಮುಚ್ಚಿತು. 1.17 ಮಿ.ಮೀ. ನೋ-ಗೋ ಗೇಜ್ ಇಟ್ಟರೆ ಮುಚ್ಚಿಕೊಳ್ಳಬಾರದು. ಬೆಣ್ಣೆಯ ಹಾಗೆ ಮುಚ್ಚಿತು! ಸಂದು ಅಷ್ಟು ಜಾಸ್ತಿ ಇದ್ದರೆ ಪಿನ್ ಹೊಡೆದಾಗ ಕಾಡತೂಸೇ ಮುಂದಕ್ಕೆ ಜಾರುತ್ತದೆ, ಪೆಟ್ಟಿನ ಜೋರು ಅಲ್ಲೇ ಸೋರಿಹೋಗುತ್ತದೆ. ಒಂದೊಂದು ಕಾಡತೂಸಿನ ಅಂಚಿನ ದಪ್ಪದಲ್ಲೂ ಕೂದಲೆಳೆಯ ವ್ಯತ್ಯಾಸ ಇರುವುದರಿಂದ ಕೆಲವು ಸಿಡಿಯುತ್ತವೆ, ಕೆಲವು ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇರುವುದೂ ಅದೇ. ನಿಮ್ಮ ಸರ್ವಿಸ್ ಸೆಂಟರಿನಲ್ಲಿ ಈ ಗೇಜ್ ಇಲ್ಲ ಅಂದರೆ ನಂಬುವುದು ಕಷ್ಟ. ಇದ್ದೂ ಇಟ್ಟು ನೋಡಲಿಲ್ಲ ಅಂದರೆ ಏನು ಹೇಳಲಿ?

ಖಾಲಿ ಕೇಸ್ ಒಳಗೇ ಉಳಿಯುವ ತೊಂದರೆ ಮೊದಲ 400ರಲ್ಲಿ 12 ಸಲ ಆಯಿತು. ಎಕ್ಸ್‌ಟ್ರ್ಯಾಕ್ಟರಿನ (ಕೇಸನ್ನು ಹೊರಗೆಳೆಯುವ ಕೊಕ್ಕೆಯ) ಉಗುರು ಚೂಪಾಗಿರುವ ಬದಲು ಗುಂಡಗಿದೆ. ಅಂಚನ್ನು ಹಿಡಿದು ಎಳೆಯುವ ಬದಲು ಜಾರಿಬಿಡುತ್ತದೆ. ಪ್ರತಿ ಸಲ ಕ್ಲೀನಿಂಗ್ ರಾಡ್ ತೂರಿಸಿ ಮುಂದಿನಿಂದ ತಳ್ಳಬೇಕು. ಇದು ಸಣ್ಣ ಭಾಗ, ಬದಲಿಸಿದರೆ ಮುಗಿಯಿತು.

ಇನ್ನು ಗುರಿಯ ವಿಚಾರ. ಇಲ್ಲಿ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮೊದಲ ದಿನ ಸ್ಕೋಪಿನ ಹಿಂದಿನ ರಿಂಗಿನ ಒಂದು ಸ್ಕ್ರೂ ಸಡಿಲ ಇತ್ತು. ಅದು ನನ್ನದೇ ಕೈಕೆಲಸ, ಆ ದಿನದ ಟಾರ್ಗೆಟ್‌ಗಳನ್ನು ಲೆಕ್ಕದಿಂದ ಕೈಬಿಟ್ಟಿದ್ದೇನೆ. ಆಮೇಲೆ ಸ್ಕೋಪನ್ನೇ ಬದಲಿಸಿ, ಗೆಳೆಯರ ರೈಫಲ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದದ್ದನ್ನು ತಂದು ಕೂರಿಸಿದೆ. ಏನೂ ಬದಲಾಗಲಿಲ್ಲ. ನನ್ನ ಸ್ಕೋಪ್ ಅವರ ರೈಫಲ್ ಮೇಲೆ ಚೆನ್ನಾಗಿಯೇ ಇತ್ತು.

ಹೈ-ವೆಲಾಸಿಟಿ ಕಾಡತೂಸು ಬೇಡ ಅಂತ ನಿಮ್ಮ ಮೊದಲ ಉತ್ತರದಲ್ಲಿ ಬರೆದಿದ್ದಿರಿ. ಆ ಮಾತು ಸರಿ. ಅದರ ಗುಂಡು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಟು, ದಾರಿಯಲ್ಲಿ ಶಬ್ದದ ವೇಗಕ್ಕಿಂತ, ಅಂದರೆ ಸುಮಾರು 340ಕ್ಕಿಂತ ಕೆಳಗೆ ಇಳಿಯುತ್ತದೆ. ಆ ಗಡಿ ದಾಟುವಾಗ ಅಲುಗಾಡಬಹುದು. ಅದಕ್ಕೇ ಗುರಿ ಪರೀಕ್ಷೆಯನ್ನು ಸುಮಾರು 325ರಲ್ಲಿ ಹೊರಡುವ ಸ್ಟ್ಯಾಂಡರ್ಡ್ ಮತ್ತು ಮ್ಯಾಚ್ ಕಾಡತೂಸಿನಲ್ಲಿ ಮಾತ್ರ ಮಾಡಿದೆ. ಗಾಳಿ ಇಲ್ಲದ ಬೆಳಿಗ್ಗೆ, 50 ಮೀಟರ್, ಮರಳಿನ ಚೀಲದ ಮೇಲೆ ಇಟ್ಟು. ನಳಿಗೆ ಉಜ್ಜಿದ ಮೇಲಿನ ಮೊದಲ ಹತ್ತು ಗುಂಡು ಲೆಕ್ಕಕ್ಕಿಲ್ಲ, ಗುಂಡಿಗೆ ಬಳಿದ ಮೇಣ ಒಳಗೆ ಮತ್ತೆ ಹರಡಿಕೊಳ್ಳುವವರೆಗೆ ಯಾವ ಪಾಯಿಂಟ್ ಟೂ-ಟೂ ಆದರೂ ಸ್ವಲ್ಪ ಅಲೆಯುತ್ತದೆ. ಆಮೇಲೆ ಐದೈದು ಗುಂಡಿನ ಗ್ರೂಪ್, ಅಂದರೆ ಐದು ತೂತು ಎಷ್ಟು ಅಗಲಕ್ಕೆ ಹರಡಿವೆ ಅನ್ನೋ ಅಳತೆ. ಗೆಳೆಯರ ರೈಫಲ್ 15ರಿಂದ 18 ಮಿ.ಮೀ. ಒಳಗೆ ಇಟ್ಟಿತು. ನನ್ನದು 55ರಿಂದ 60. 50 ಮೀಟರ್ ಸ್ಪರ್ಧೆಯ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ 10.4 ಮಿ.ಮೀ. ಅಗಲ ಇರುತ್ತದೆ. ಅದರ ಆಸೆ ನಾನು ಯಾವತ್ತೋ ಬಿಟ್ಟಿದ್ದೇನೆ.

ಕಾರಣ ಹುಡುಕುವಾಗ ಎರಡು ಕಂಡವು. ಮೊದಲನೆಯದು ಸ್ಟಾಕ್, ಅಂದರೆ ನಳಿಗೆಯನ್ನು ಹೊರುವ, ಭುಜಕ್ಕೆ ಆನಿಸುವ ಭಾಗ. ನಳಿಗೆಗೂ ಅದರ ಕೆಳಗಿನ ಸ್ಟಾಕಿಗೂ ನಡುವೆ ಸಂದು ಬಿಟ್ಟಿದ್ದೇವೆ, ನಳಿಗೆ ಯಾವುದನ್ನೂ ಮುಟ್ಟುವುದಿಲ್ಲ ಅಂತ ನಿಮ್ಮ ಮ್ಯಾನುಯಲ್ ಹೇಳುತ್ತದೆ. ಒಂದು ಹಾಳೆ ಕಾಗದ ತೂರಿಸಿ ನೋಡಿದೆ. ಬಲಗಡೆ ಸಲೀಸಾಗಿ ಹೋಯಿತು, ಎಡಗಡೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಸ್ಕ್ರೂಗಳನ್ನು ನೀವೇ ಹೇಳಿದ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದ ಮೇಲಿನ ಕಥೆ ಇದು. ಮರಳಿನ ಚೀಲವನ್ನು ಮ್ಯಾಗಜೀನ್ ಹತ್ತಿರದಿಂದ ಸ್ಟಾಕಿನ ತುದಿಗೆ ಸರಿಸಿದರೆ ಗುಂಡು ಬೀಳುವ ಜಾಗ 20 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ.

ಎರಡನೆಯದು ನಳಿಗೆಯ ಬಾಯಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಬಾಯಿಯ ಒಳ ಅಂಚಿನಿಂದ ಹೊರಕ್ಕೆ ಸವರಿದರೆ ಒಂದೇ ಜಾಗದಲ್ಲಿ ಪ್ರತಿ ಸಲ ಎಳೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಮುಳ್ಳಿನಷ್ಟು ಲೋಹ ಎದ್ದಿದೆ. ಹಾರಿಸಿದ ಮೇಲೆ ಬಾಯಿಯ ಸುತ್ತ ಮೇಣದ ಮಸಿ ನಕ್ಷತ್ರದ ಹಾಗೆ ಸಮನಾಗಿ ಮೂಡಬೇಕು. ನನ್ನದರಲ್ಲಿ ಒಂದು ಎಸಳು ಉದ್ದ, ಪಕ್ಕದ್ದು ಮಾಯ. ಗುಂಡು ನಳಿಗೆಯನ್ನು ಬಿಡುವ ಕೊನೆಯ ಗಳಿಗೆಯಲ್ಲಿ ಮದ್ದು ಉರಿದ ಬಿಸಿ ಅನಿಲ ಒಂದು ಪಕ್ಕದಿಂದ ನುಗ್ಗಿದರೆ ಹಿಂದಿನ ಎಲ್ಲ ಕೆಲಸವೂ ನೀರಿನಲ್ಲಿ ಹೋಮ.

ಇನ್ನೊಂದು ಮಾತು. ರೈಫಲ್ ಕಳಿಸುವ ಮೊದಲು ಸ್ಟಾಕಿನ ಎರಡೂ ಸ್ಕ್ರೂ ಮೇಲೆ ನೇಲ್ ಪಾಲಿಶ್‌ನಲ್ಲಿ ತೆಳ್ಳಗೆ ಒಂದು ಗೆರೆ ಎಳೆದಿದ್ದೆ. ಸಂಶಯ ಬುದ್ಧಿ ಅಂದುಕೊಳ್ಳಿ, ಪರವಾಗಿಲ್ಲ. ವಾಪಸ್ ಬಂದಾಗ ಗೆರೆ ಒಂದು ಕೂದಲೂ ಕದಲಿರಲಿಲ್ಲ. ಸ್ಟಾಕ್ ಬಿಚ್ಚದೆ ಒಳಗಿನ ಕೂರಿಕೆ ನೋಡುವ ವಿದ್ಯೆ ನಿಮ್ಮವರಿಗೆ ಗೊತ್ತಿದ್ದರೆ ನನಗೂ ಹೇಳಿಕೊಡಿ.

ನಾನು ಕೇಳುವುದು ಇಷ್ಟು. ರೈಫಲನ್ನು ಮತ್ತೆ ತರಿಸಿಕೊಳ್ಳಿ, ಖರ್ಚು ಮತ್ತು ಕಾಗದಪತ್ರದ ಓಡಾಟ ಈ ಸಲ ನಿಮ್ಮದು. ಇದೇನು ಮೊಬೈಲ್ ಅಲ್ಲ, ಪೊಟ್ಟಣ ಕಟ್ಟಿ ಕೊರಿಯರ್‌ನವರ ಕೈಗೆ ಕೊಟ್ಟು ಬರೋದಕ್ಕೆ. ಬೋಲ್ಟಿನ ಸಂದು ಅಳೆದು ಸಂಖ್ಯೆಯನ್ನು ಬರವಣಿಗೆಯಲ್ಲಿ ಕೊಡಿ, ಸರಿಪಡಿಸಿ. ಎಕ್ಸ್‌ಟ್ರ್ಯಾಕ್ಟರ್ ಮತ್ತು ಸ್ಟಾಕ್ ಬದಲಿಸಿ. ನಳಿಗೆಯ ಬಾಯಿಯನ್ನು ಹೊಸದಾಗಿ ಕಡೆಯಿರಿ, ಇಲ್ಲವೇ ನಳಿಗೆಯನ್ನೇ ಬದಲಿಸಿ. ಇಷ್ಟೆಲ್ಲ ಮಾಡುವುದಕ್ಕಿಂತ ಬೇರೆ ರೈಫಲ್ ಕೊಡುವುದೇ ಸುಲಭ ಅನ್ನಿಸಿದರೆ ನನಗೆ ಅದೂ ಒಪ್ಪಿಗೆ. 30 ದಿನದೊಳಗೆ ಎರಡೂ ಆಗದಿದ್ದರೆ ಹಣ ವಾಪಸ್ ಬೇಕು.

ಕೊನೆಯದಾಗಿ, ಹೊಸ ರೈಫಲ್‌ನ ಡಬ್ಬಿಯಲ್ಲಿ ನೀವು ಒಂದು ಟೆಸ್ಟ್ ಟಾರ್ಗೆಟ್ ಇಟ್ಟಿದ್ದಿರಿ. 50 ಮೀಟರ್, ಐದು ತೂತು, 14 ಮಿ.ಮೀ. ಒಳಗೆ. ಚೆಂದದ ಗ್ರೂಪ್. ಕೆಳಗೆ ಸೀರಿಯಲ್ ನಂಬರ್ ಬರೆಯುವ ಜಾಗ ಮಾತ್ರ ಖಾಲಿ ಇದೆ. ಅದು ಯಾವ ರೈಫಲ್‌ನದ್ದು ಅಂತ ನಿಮ್ಮ ರಿಜಿಸ್ಟರ್ ನೋಡಿ ತಿಳಿಸಿ. ಈ ಸಲ ಬರುವ ಟಾರ್ಗೆಟ್‌ನಲ್ಲಿ ಆ ಜಾಗ ತುಂಬಿರಲಿ, ನನ್ನ ರೈಫಲ್‌ನ ನಂಬರಿನಿಂದ.

ಇತಿ,
ನಿಮ್ಮ ಗ್ರಾಹಕ